ಕೆಜಿಎಫ್‌ನ ಬತ್ತದ ನಿಕ್ಷೇಪ

ಕೋಲಾರದ ಗಣಿ ಬರಿದಾಯಿತು ಅನ್ನುವವರು ಭೂವಿಜ್ಞಾನ ಓದಿರಬಹುದು, ಚುನಾವಣೆ ನೋಡಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತಲ್ಲ, ಆಮೇಲೆ ಅದೇ ನೆಲದಲ್ಲಿ ಇನ್ನೊಂದು ಖನಿಜ ಪತ್ತೆಯಾಗಿದೆ. ಇದನ್ನು ತೆಗೆಯಲು ಆಳಕ್ಕೆ ಕೊರೆದ ಶಾಫ್ಟ್ ಬೇಡ, ಜನರನ್ನು ಕೆಳಗಿಳಿಸುವ ಕೇಜ್ ಬೇಡ, ಡೈನಮೈಟ್ ಬೇಡ. ಒಂದು ವೇದಿಕೆ, ಎರಡು ಮೈಕು ಸಾಕು. 'ಗಣಿ ಮತ್ತೆ ತೆರೆಯುತ್ತೇವೆ' ಎಂಬ ಭರವಸೆಯೇ ಆ ಖನಿಜ. ರಾಬರ್ಟ್‌ಸನ್‌ಪೇಟೆಯಿಂದ ಮಾರಿಕುಪ್ಪಂವರೆಗೆ ಎಲ್ಲಿ ಶಾಮಿಯಾನ ಕಟ್ಟಿದರೂ ಸಿಗುತ್ತದೆ. ಇಷ್ಟು ದೊಡ್ಡ ನಿಕ್ಷೇಪವನ್ನು ಯಾರೂ ನಕ್ಷೆಗೆ ಹಾಕಿಲ್ಲ. ಯಾರಾದರೂ ಮಾಡಬೇಕಲ್ಲ ಅಂತ ಈ ಪ್ರಾಥಮಿಕ ವರದಿ.

ಮೊದಲು ಉತ್ಪತ್ತಿ. ಕೋಲಾರದ ಶಿಲಾಪಟ್ಟಿ ಉತ್ತರದಿಂದ ದಕ್ಷಿಣಕ್ಕೆ ಸುಮಾರು 80 ಕಿ.ಮೀ. ಉದ್ದ, ಅಗಲ ಮೂರ್ನಾಲ್ಕು ಕಿ.ಮೀ. ಅಷ್ಟೇ. ಸುಮಾರು 270 ಕೋಟಿ ವರ್ಷಗಳ ಹಿಂದೆ ಇಲ್ಲಿ ನೀರಿನಡಿ ಲಾವಾ ಉಕ್ಕಿತು. ತಣ್ಣೀರು ತಾಗಿ ಅದು ದಿಂಬು ದಿಂಬಾಗಿ ಹೆಪ್ಪುಗಟ್ಟಿತು. ಪೆದ್ದಪಲ್ಲಿ ಬಳಿ ಆ ದಿಂಬುಗಳು ಇವತ್ತೂ ಇವೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸುಮ್ನೆ ಕಲ್ಲು ಅಂದುಕೊಂಡು ಅದರ ಮೇಲೆ ಕೂತು ಬೀಡಿ ಸೇದಿದವರು ಎಷ್ಟು ಜನವೋ. ಆಮೇಲೆ ಈ ಲಾವಾ ಒತ್ತಡಕ್ಕೆ, ಬಿಸಿಗೆ ಸಿಕ್ಕಿ ಕಪ್ಪು ಆಂಫಿಬೊಲೈಟ್ ಕಲ್ಲಾಯಿತು, ಬಿರುಕು ಬಿಟ್ಟಿತು. ಆಳದಿಂದ ಬಿಸಿ ದ್ರವ ಆ ಬಿರುಕುಗಳಿಗೆ ನುಗ್ಗಿತು. ಅದರಲ್ಲಿ ಕರಗಿದ್ದ ಚಿನ್ನ ಬೆಣಚುಕಲ್ಲಿನ ಜೊತೆ ಅಲ್ಲೇ ಕೂತಿತು. ಚಾಂಪಿಯನ್ ಲೋಡ್ ಅಂತ ಲೋಕವೆಲ್ಲ ಹೊಗಳಿದ್ದು ಇದನ್ನೇ.

ಭರವಸೆ ಹುಟ್ಟುವುದಕ್ಕೂ ಇದೇ ಮೂರು ಬೇಕು. ಟಿಕೆಟ್ ಹಂಚಿಕೆಯ ಒತ್ತಡ, ಏಪ್ರಿಲ್–ಮೇ ತಿಂಗಳ ಬಿಸಿ, ಪಕ್ಷದೊಳಗಿನ ಬಿರುಕು. ಕೋಟಿ ವರ್ಷ ಕಾಯಬೇಕಿಲ್ಲ, ನಾಮಪತ್ರ ಸಲ್ಲಿಸುವಷ್ಟರಲ್ಲಿ ಹರಳುಗಟ್ಟುತ್ತದೆ. ಚಿನ್ನವನ್ನು ಒಮ್ಮೆ ತೆಗೆದರೆ ಆ ಜಾಗ ಟೊಳ್ಳು. ಭರವಸೆಯನ್ನು ಎಷ್ಟು ಬಗೆದರೂ ಐದು ವರ್ಷಕ್ಕೆ ಅದೇ ಜಾಗದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಲೋಕಸಭೆ, ವಿಧಾನಸಭೆ ಬೇರೆ ಬೇರೆ ಬರುವುದರಿಂದ ಎರಡು ಫಸಲು ಅನ್ನಿ.

ಇನ್ನು ಅದಿರಿನ ಗುಣಮಟ್ಟ. ಶುರುವಿನ ವರ್ಷಗಳಲ್ಲಿ ಒಂದು ಟನ್ ಕಲ್ಲು ಅರೆದರೆ 40 ಗ್ರಾಂಗೂ ಜಾಸ್ತಿ ಚಿನ್ನ ಸಿಗುತ್ತಿತ್ತಂತೆ. ಕಡೆಗಾಲಕ್ಕೆ ಐದು ಗ್ರಾಂ ಕೂಡ ಇಲ್ಲ. ಗಣಿ ಆಳವಾದಂತೆ ಖರ್ಚು ಏರಿತು, ಚಿನ್ನ ಇಳಿಯಿತು. ಭರವಸೆಯದ್ದು ಉಲ್ಟಾ ಲೆಕ್ಕ. ಮೊದಲು 'ಗಣಿ ತೆರೆಯುತ್ತೇವೆ' ಅಂತಷ್ಟೇ ಇತ್ತು. ಆಮೇಲೆ 'ವಿಶ್ವದರ್ಜೆಯ ಗಣಿ' ಆಯಿತು. ಅದಕ್ಕೆ ಕೈಗಾರಿಕಾ ಪಾರ್ಕು ಸೇರಿತು, ಪ್ರವಾಸಿ ತಾಣ ಸೇರಿತು, ಮ್ಯೂಸಿಯಂ ಸೇರಿತು. ಟನ್‌ಗೆ ಇಷ್ಟು ಗ್ರಾಂ ಭರವಸೆ ಜಗತ್ತಿನ ಬೇರೆ ಯಾವ ಗಣಿಯಲ್ಲೂ ಸಿಕ್ಕಿಲ್ಲ.

ಇತಿಹಾಸವನ್ನೂ ಸ್ವಲ್ಪ ಕೆದಕೋಣ. 1802ರಲ್ಲಿ ಬ್ರಿಟಿಷ್ ಅಧಿಕಾರಿ ಜಾನ್ ವಾರನ್ ಈ ಕಡೆ ಬಂದ. ಚಿನ್ನ ತೋರಿಸಿದವರಿಗೆ ಇನಾಮು ಅಂತ ಸಾರಿದ. ಊರಿಗಂ ಹಳ್ಳಿಯವರು ಬಂಡಿಗಟ್ಟಲೆ ಮಣ್ಣು ತಂದು ಅವನ ಕಣ್ಣೆದುರೇ ತೊಳೆದು ಚಿನ್ನದ ಪುಡಿ ತೋರಿಸಿದರು. ನೋಡಿ, ಆಗ ಜನ ಅಧಿಕಾರಿಗೆ ಚಿನ್ನ ತೋರಿಸುತ್ತಿದ್ದರು. ಈಗ ಅಧಿಕಾರದಲ್ಲಿರುವವರು ಜನರಿಗೆ ತೋರಿಸುತ್ತಾರೆ, ಅದೂ ತೊಳೆಯದೆ. ವಾರನ್ ಬರೆದಿಟ್ಟಿದ್ದನ್ನು ಓದಿ, ಎಷ್ಟೋ ದಶಕಗಳ ಮೇಲೆ ಲವೆಲ್ ಎಂಬ ಐರಿಷ್ ಸೈನಿಕ ಬಂದು 1875ರಲ್ಲಿ ಪರವಾನಗಿ ಪಡೆದ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಳಿಯಿತು. ಆಗಲೂ ಕೆಲವು ವರ್ಷ ದುಡ್ಡು ಹೋಯಿತೇ ವಿನಾ ಚಿನ್ನ ಬರಲಿಲ್ಲ. ಚಾಂಪಿಯನ್ ಲೋಡ್ ಕೈಗೆ ಸಿಕ್ಕಿದ ಮೇಲೆ ಮಾತ್ರ ಊರಿನ ಹಣೆಬರಹ ತಿರುಗಿತು. ಮುಂದಿನ 120 ವರ್ಷದಲ್ಲಿ ಒಟ್ಟು 800 ಟನ್‌ನಷ್ಟು ಚಿನ್ನ ಇಲ್ಲಿಂದ ಹೋಯಿತು. 'ಹೋಯಿತು' ಅನ್ನುವುದೇ ಸರಿ. ಉಳಿದದ್ದೇನು ಅಂತ ಮುಂದೆ ಹೇಳುತ್ತೇನೆ.

ಮನಸ್ಸಿದ್ದಾಗ ಸರ್ಕಾರ ಹೇಗೆ ಓಡುತ್ತದೆ ಅನ್ನುವುದಕ್ಕೂ ಕೆಜಿಎಫ್ ಸಾಕ್ಷಿ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 148 ಕಿ.ಮೀ. ತಂತಿ ಎಳೆದು ಗಣಿಗೆ ಕರೆಂಟು ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಬೆಂಗಳೂರು ಕತ್ತಲಲ್ಲಿ ಕಾಯಿತು, ಗಣಿ ಬೆಳಗಿತು. ಚಿನ್ನ ಬರುತ್ತಿತ್ತಲ್ವಾ, ಕಂಬ ನೆಡಲು ಯಾವ ಅಡ್ಡಿಯೂ ಬರಲಿಲ್ಲ.

ಆಳದ ಮಾತಿಗೆ ಬಂದರೆ ಚಾಂಪಿಯನ್ ರೀಫ್ ಗಣಿ 3.2 ಕಿ.ಮೀ. ಇಳಿದಿತ್ತು. ಅಷ್ಟು ಕೆಳಗೆ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತದೆ. ಭಾರ ತಾಳದೆ ಬಂಡೆ ಒಮ್ಮೆಲೇ ಸಿಡಿಯುತ್ತದೆ. ಆ ಸಿಡಿತಕ್ಕೆ ಮೇಲೆ ಕಾರ್ಮಿಕರ ಲೈನ್ ಮನೆಗಳೇ ಅದುರುತ್ತಿದ್ದವು. ಅಂಥ ಕಡೆ ಚಡ್ಡಿ ಮೇಲೆ ನಿಂತು ಕಲ್ಲು ಕೊರೆದವರ ಶ್ವಾಸಕೋಶದಲ್ಲಿ ಕಲ್ಲಿನ ಪುಡಿ ಕೂತಿದೆ. ಈಗ ಪಂಪು ನಿಂತು ಸುರಂಗಗಳಿಗೆ ನೀರು ತುಂಬಿದೆ. ಅದನ್ನು ಬಸಿದು, ಗೋಡೆ ಗಟ್ಟಿ ಮಾಡಿ, ತಂಪುಗಾಳಿ ಊದಿ, ಮೂರು ಕಿ.ಮೀ. ಕೆಳಗಿನಿಂದ ಬಡ ಅದಿರು ಎತ್ತುವುದು ಎಂಥ ಬಾಬ್ತು ಅಂತ ಭಾಷಣ ಮಾಡುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. 'ತೆರೆಯುವುದಿಲ್ಲ' ಅಂತ ಹೇಳಲು ಯಾರಿಗೂ ಧೈರ್ಯವಿಲ್ಲ. ಹೇಳಿಬಿಟ್ಟರೆ ಬದಲಿಗೆ ಏನು ಮಾಡುತ್ತೀರಿ ಅಂತ ಊರು ಕೇಳುತ್ತದೆ, ಅದಕ್ಕೆ ಉತ್ತರ ಬೇಕಾಗುತ್ತದೆ. ಭರವಸೆಗೆ ಉತ್ತರ ಬೇಡ, ಚಪ್ಪಾಳೆ ಸಾಕು. (ರಾಯಚೂರಿನ ಹಟ್ಟಿಯಲ್ಲಿ ರಾಜ್ಯದ್ದೇ ಕಂಪನಿ ಇವತ್ತೂ ಚಿನ್ನ ತೆಗೆಯುತ್ತಿದೆ. ಅಲ್ಲಿ ಅದಿರು ತೆಗೆಯುತ್ತಾರೆ, ಇಲ್ಲಿ ವಿಷಯ ತೆಗೆಯುತ್ತಾರೆ.)

ವಿಜ್ಞಾನಕ್ಕೂ ಈ ಗಣಿ ಕೊಡುಗೆ ಕೊಟ್ಟಿದೆ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಜ್ಞಾನಿಗಳ ಜೊತೆ ಸೇರಿ 2.3 ಕಿ.ಮೀ. ಆಳದಲ್ಲಿ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣ ಹಿಡಿದರು. ಜಗತ್ತಿನಲ್ಲೇ ಮೊದಲ ಸಾಲಿನ ಸಾಧನೆ ಅದು. ನ್ಯೂಟ್ರಿನೋ ಇಡೀ ಭೂಮಿಯನ್ನು ತೂರಿ ಹೋದರೂ ಸಾಮಾನ್ಯವಾಗಿ ಏನನ್ನೂ ಮುಟ್ಟುವುದಿಲ್ಲ, ಹಾಗಾಗಿ ಹಿಡಿಯುವುದು ಕಷ್ಟ. ಗಣಿ ಪುನರಾರಂಭದ ಕಡತವೂ ಅದೇ ಜಾತಿಯದು. ಬೆಂಗಳೂರಿನಿಂದ ದೆಹಲಿಗೆ, ದೆಹಲಿಯಿಂದ ಬೆಂಗಳೂರಿಗೆ, ಯಾವ ಮೇಜನ್ನೂ ತಾಗದೆ ತೂರಿ ಹೋಗುತ್ತದೆ. ಜಾಗತಿಕ ಟೆಂಡರಿಗೆ ಸುಪ್ರೀಂ ಕೋರ್ಟು 2013ರಲ್ಲೇ ದಾರಿ ಬಿಟ್ಟಿತು. ಕಡತ ಆ ದಾರಿಯಲ್ಲೂ ಸದ್ದಿಲ್ಲದೆ ಹಾದುಹೋಯಿತು.

ಈಗ, ಉಳಿದದ್ದೇನು? ಸೈನೈಡ್ ಗುಡ್ಡ. ಚಿನ್ನ ಬೇರ್ಪಡಿಸಲು ಸೈನೈಡ್ ಹಾಕಿ ತೊಳೆದು ಬಿಸಾಡಿದ ಬೂದು ಪುಡಿ, ಮೂರು ಕೋಟಿ ಟನ್‌ಗೂ ಜಾಸ್ತಿ, 13 ದಿಬ್ಬಗಳಾಗಿ ಊರ ನಡುವೆ ಕೂತಿದೆ. ಗಾಳಿ ಎದ್ದರೆ ಒಣಹಾಕಿದ ಬಟ್ಟೆಗೆ, ಅನ್ನದ ತಟ್ಟೆಗೆ, ಮೂಗಿಗೆ ಆ ಧೂಳು. ಜನ ದೂರು ಕೊಟ್ಟಾಗ ಅದು ಯಾರದ್ದೂ ಅಲ್ಲದ ಕಸ. ಗಿಡ ನೆಡಿ, ನೀರು ಚಿಮುಕಿಸಿ ಅಂದರೆ ಕೇಳುವ ಕಿವಿ ಇಲ್ಲ. ಆಮೇಲೆ ಚಿನ್ನದ ಬೆಲೆ ಏರಿತು. ಟನ್‌ಗೆ ಒಂದು ಗ್ರಾಂಗೂ ಕಡಿಮೆ ಚಿನ್ನ ಇರುವ ಆ ಪುಡಿ ರಾತ್ರೋರಾತ್ರಿ ದೇಶದ ಆಸ್ತಿಯಾಯಿತು. 2024ರಲ್ಲಿ ಅದನ್ನು ಅಗೆಯುವ ಪ್ರಸ್ತಾವಕ್ಕೆ ರಾಜ್ಯ ಸಂಪುಟವೂ ಒಪ್ಪಿತು. ಮೂಗಿನೊಳಗೆ ಹೋದಾಗ ಧೂಳು ಜನರದ್ದು, ಮಷೀನಿನೊಳಗೆ ಹೋದಾಗ ಚಿನ್ನ ಸರ್ಕಾರದ್ದು. ನ್ಯಾಯವಾಗಿ ಲೆಕ್ಕ ಹಾಕಿದರೆ ಆಂಡರ್ಸನ್‌ಪೇಟೆಯ ಒಂದೊಂದು ಮನೆಯವರೂ ವರ್ಷಗಟ್ಟಲೆ ಉಸಿರಿನಲ್ಲಿ ಎಳೆದುಕೊಂಡ ಖನಿಜಕ್ಕೆ ರಾಯಧನ ಕಟ್ಟಬೇಕಾಗಬಹುದು. ಇಲಾಖೆಗೆ ಇದಿನ್ನೂ ಹೊಳೆದಿಲ್ಲ, ನಾನು ಹೇಳಿಕೊಡುವುದು ಬೇಡ.

ಉದ್ಯೋಗ ಇಲ್ಲ ಅನ್ನುವುದೂ ಸುಳ್ಳು. ಕೆಜಿಎಫ್‌ನವರು ಈಗಲೂ ಬೆಳಗಿನ ಜಾವ ಎದ್ದು ಶಿಫ್ಟಿಗೆ ಹೋಗುತ್ತಾರೆ. ಕೇಜ್ ಬದಲು ರೈಲು, ಕೆಳಕ್ಕೆ ಮೂರು ಕಿ.ಮೀ. ಬದಲು ಪಶ್ಚಿಮಕ್ಕೆ ನೂರು ಕಿ.ಮೀ. ಅಷ್ಟೇ. ಇಕ್ಕಟ್ಟು, ಬೆವರು, ಒತ್ತಡ ಎಲ್ಲ ಹಾಗೇ ಇವೆ. ಮಾರಿಕುಪ್ಪಂನಿಂದ ಹೊರಟ ರೈಲು ಬಂಗಾರಪೇಟೆ ದಾಟಿ ಸಾವಿರಾರು ಜನರನ್ನು ಬೆಂಗಳೂರಿನಲ್ಲಿ ಸುರಿದು, ರಾತ್ರಿ ಮತ್ತೆ ತುಂಬಿಕೊಂಡು ಬರುತ್ತದೆ. ಅವರನ್ನು ಯಾವ ಭೂಗರ್ಭ ನಕ್ಷೆಯಲ್ಲೂ ಗುರುತಿಸಿಲ್ಲ, ಮತದಾರರ ಪಟ್ಟಿಯಲ್ಲಿ ಮಾತ್ರ ಗುರುತಿಸಿದ್ದಾರೆ.

ಕೊನೆಗೆ ಗಣಿ ಯೋಜನೆ. ಹೊಸ ನಿಕ್ಷೇಪಕ್ಕೆ ಪರಿಸರ ಅನುಮತಿ ಬೇಡ, ಪಂಪು ಬೇಡ, ಕಾರ್ಮಿಕರಂತೂ ಬೇಡವೇ ಬೇಡ. ಲೀಸ್ ಅವಧಿ ಐದು ವರ್ಷ, ತಾನಾಗಿಯೇ ನವೀಕರಣ. ದೊಡ್ಡ ಪ್ರಮಾಣದ ಮುಂದಿನ ಅಗೆತ 2028ರ ವಿಧಾನಸಭೆ ಚುನಾವಣೆಗೆ. ಸ್ಥಳ ಪರಿಶೀಲನೆಗೆ ಬರುವವರು ಬಿಳಿ ಬಟ್ಟೆ ಹಾಕಿಕೊಂಡು ಬರುವುದು ಬೇಡ, ಆ ಹೊತ್ತಿಗೆ ಗುಡ್ಡದ ಕಡೆಯಿಂದ ಗಾಳಿ ಜೋರು.