ಮೈಸೂರಿನವರಿಗೆ ಲೆಕ್ಕ ಬೇರೆ

ಬೆಂಗಳೂರಿನಿಂದ ಲಂಡನ್‌ಗೆ 8,000 ಕಿ.ಮೀ., 10 ಗಂಟೆ ವಿಮಾನ ಪ್ರಯಾಣ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ದೂರ ಸರಿ, ಆದರೆ ಸಮಯಕ್ಕೆ ಒಂದೇ ಅಂಕಿ ಸಾಲದು. ಹೋಗುವಾಗ ತುಂಬಾ ಎತ್ತರದಲ್ಲಿ ಪಶ್ಚಿಮದಿಂದ ಜೋರಾಗಿ ಬೀಸುವ ಜೆಟ್ ಸ್ಟ್ರೀಮ್ ಗಾಳಿಗೆ ಎದುರಾಗಿ ಹಾರಬೇಕು, ಬರುವಾಗ ಅದೇ ಗಾಳಿ ಹಿಂದಿನಿಂದ ತಳ್ಳುತ್ತದೆ, ಹಾಗಾಗಿ ವಾಪಸ್ ಪ್ರಯಾಣ ಸಾಮಾನ್ಯವಾಗಿ ಬೇಗ ಮುಗಿಯುತ್ತದೆ, ಚಳಿಗಾಲದಲ್ಲಂತೂ ಈ ವ್ಯತ್ಯಾಸ ಜಾಸ್ತಿ. ಟಿಕೆಟ್‌ನಲ್ಲಿರೋದು ಆಯಾ ಊರಿನ ಸಮಯ, ತಲುಪುವ ಸಮಯದಿಂದ ಹೊರಡುವ ಸಮಯವನ್ನು ಸುಮ್ನೆ ಕಳೆದರೆ ಲೆಕ್ಕ ತಪ್ಪುತ್ತದೆ.

ಇನ್ನು ನಮ್ಮ ಮೈಸೂರಿನಿಂದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೇ ಸುಮಾರು 180 ಕಿ.ಮೀ. ಹೊಸ ಹೆದ್ದಾರಿಯಲ್ಲಿ ಕೆಂಗೇರಿವರೆಗೆ ಬೇಗ ಬರ್ತೀವಿ, ಆಮೇಲೆ ಬೆಂಗಳೂರಿನ ಹೆಬ್ಬಾಳ ದಾಟೋದೇ ಕಷ್ಟ ಅಲ್ವಾ? ವಯಸ್ಸಾದ ಅಪ್ಪ ಅಮ್ಮನನ್ನು ಜೊತೆಗೆ ಯಾರೂ ಇಲ್ಲದೆ ಕಳಿಸುವವರು ದಯವಿಟ್ಟು ಈ ಗಂಟೆಗಳನ್ನೂ ಸೇರಿಸಿ ನೋಡಿ, ಬೆಳಗಿನ ವಿಮಾನವಾದರೆ ಹಿಂದಿನ ರಾತ್ರಿಯೇ ಹೊರಡಿಸಿ.