ರೋಗದ ಸುದ್ದಿ ಬಂದರೆ ಜಾತ್ರೆ ನಿಲ್ಲಿಸಬೇಕೇ?

ಶಿರಸಿಯ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. 2020ರಲ್ಲಿ ಅದು ಮಾರ್ಚ್ ಮೊದಲ ವಾರ ಶುರುವಾಯಿತು. ಜಾತ್ರೆ ಮುಗಿಯುವ ಹೊತ್ತಿಗೆ, ಮಾರ್ಚ್ 11ಕ್ಕೆ, ವಿಶ್ವ ಆರೋಗ್ಯ ಸಂಸ್ಥೆ ಕೊರೊನಾವನ್ನು ಜಾಗತಿಕ ಮಹಾಮಾರಿ ಎಂದು ಸಾರಿತು. ಮಾರ್ಚ್ 25, ಯುಗಾದಿಯ ದಿನ, ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಜಾತ್ರೆ ಎರಡು ವಾರ ತಡವಾಗಿ ಬಂದಿದ್ದರೆ? ಈ ಪ್ರಶ್ನೆಗೆ ಎರಡು ಬಗೆಯ ಉತ್ತರ ಇದೆ. ಎರಡನ್ನೂ ಬರೆಯುತ್ತೇನೆ. ನನ್ನ ಮನಸ್ಸು ಯಾವ ಕಡೆ ಎಂಬುದನ್ನು ಮುಚ್ಚಿಡುವುದಿಲ್ಲ.

ಪರ: ನಿಲ್ಲಿಸಲೇಬೇಕು

1918ರ ಸೆಪ್ಟೆಂಬರ್ 28. ಅಮೆರಿಕದ ಫಿಲಡೆಲ್ಫಿಯಾ. ಯುದ್ಧಕ್ಕೆ ಸಾಲ ಎತ್ತಲು ಒಂದು ದೊಡ್ಡ ಮೆರವಣಿಗೆ. ಊರಿಗೆ ಇನ್‌ಫ್ಲುಯೆಂಜಾ ಆಗಲೇ ಕಾಲಿಟ್ಟಿತ್ತು. ಮೆರವಣಿಗೆ ಬೇಡ ಎಂದ ವೈದ್ಯರೂ ಇದ್ದರು. ನಗರದ ಆರೋಗ್ಯಾಧಿಕಾರಿ ವಿಲ್ಮರ್ ಕ್ರೂಸನ್ ನಿಲ್ಲಿಸಲಿಲ್ಲ. ಸುಮಾರು ಎರಡು ಲಕ್ಷ ಜನ ಬೀದಿಬದಿಯಲ್ಲಿ ಒತ್ತೊತ್ತಾಗಿ ನಿಂತು ನೋಡಿದರು. ಕೆಲವೇ ದಿನಗಳಲ್ಲಿ ಆಸ್ಪತ್ರೆಗಳು ತುಂಬಿದವು. ಆರು ವಾರದೊಳಗೆ ಸತ್ತವರು 12,000ಕ್ಕೂ ಜಾಸ್ತಿ.

ಅದೇ ಕಾಲಕ್ಕೆ ಸೇಂಟ್ ಲೂಯಿಸ್ ನಗರದಲ್ಲಿ ಮ್ಯಾಕ್ಸ್ ಸ್ಟಾರ್ಕ್ಲಾಫ್ ಎಂಬ ಅಧಿಕಾರಿ ಇದ್ದರು. ಊರಿನಲ್ಲಿ ರೋಗ ಕಂಡ ಕೆಲವೇ ದಿನಗಳಲ್ಲಿ ಶಾಲೆ, ನಾಟಕಶಾಲೆ, ಚರ್ಚು ಎಲ್ಲ ಮುಚ್ಚಿಸಿದರು. ಜನ ಬೈದರು, ವ್ಯಾಪಾರಿಗಳು ಸಿಟ್ಟಾದರು. ಆದರೆ ಅಲ್ಲಿನ ಸಾವಿನ ಪ್ರಮಾಣ ಫಿಲಡೆಲ್ಫಿಯಾಕ್ಕಿಂತ ತುಂಬಾ ಕಡಿಮೆ. ಅದೇ ಜ್ವರ ನಮ್ಮ ದೇಶಕ್ಕೆ ಹಡಗಿನಲ್ಲಿ ಮುಂಬೈಗೆ ಬಂದಿಳಿದು, ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದಿತು.

ಯಾತ್ರೆಯ ಜನಸಂದಣಿ ರೋಗವನ್ನು ಹೊತ್ತೊಯ್ದ ಕಥೆಗಳೂ ಇವೆ. 1865ರಲ್ಲಿ ಹಜ್‌ಗೆ ಹೋದ ಸುಮಾರು 90,000 ಜನರಲ್ಲಿ 15,000 ಮಂದಿ ಕಾಲರಾಕ್ಕೆ ಬಲಿಯಾದರು. ಉಳಿದವರ ಜತೆ ರೋಗ ಅಲೆಕ್ಸಾಂಡ್ರಿಯಾಕ್ಕೆ, ಅಲ್ಲಿಂದ ಯುರೋಪಿಗೆ ಹೋಯಿತು. 2021ರ ಏಪ್ರಿಲ್‌ನಲ್ಲಿ, ಕೊರೊನಾದ ಎರಡನೇ ಅಲೆ ಏರುತ್ತಿದ್ದಾಗಲೇ, ಹರಿದ್ವಾರದಲ್ಲಿ ಕುಂಭಮೇಳ ನಡೆಯಿತು. ಇನ್ನು ಸಾಂಕೇತಿಕವಾಗಿ ಮುಗಿಸಿ ಎಂದು ಪ್ರಧಾನಿ ಕೇಳಿಕೊಂಡಾಗ ದೊಡ್ಡ ಶಾಹಿ ಸ್ನಾನಗಳು ಮುಗಿದಿದ್ದವು.

ಮಾರಿಯ ಜಾತ್ರೆಯನ್ನೇ ರೋಗಕ್ಕೆ ಹೆದರಿ ನಿಲ್ಲಿಸುವುದಾ ಎಂದು ಕೇಳುವವರಿದ್ದಾರೆ. ಅವರು ಜರ್ಮನಿಯ ಒಬರ್‌ಅಮ್ಮರ್‌ಗೌ ಹಳ್ಳಿಯನ್ನು ನೋಡಬೇಕು. 1633ರಲ್ಲಿ ಪ್ಲೇಗ್ ಹಬ್ಬಿದಾಗ ಊರು ಉಳಿದರೆ ಏಸುವಿನ ನಾಟಕ ಆಡುತ್ತೇವೆ ಎಂದು ಆ ಹಳ್ಳಿಯವರು ಹರಕೆ ಹೊತ್ತರು. ಈಗಲೂ ಹತ್ತು ವರ್ಷಕ್ಕೊಮ್ಮೆ ಆಡುತ್ತಾರೆ. ಊರಿನವರೇ ಪಾತ್ರಧಾರಿಗಳು, ನಮ್ಮ ಹವ್ಯಾಸಿ ಯಕ್ಷಗಾನದ ಹಾಗೆ. ರೋಗದಿಂದ ಉಳಿದದ್ದಕ್ಕೇ ಹುಟ್ಟಿದ ಹರಕೆ ಅದು. 2020ರಲ್ಲಿ ಅವರು ಅದನ್ನೂ ಎರಡು ವರ್ಷ ಮುಂದೂಡಿದರು. ಹರಕೆ ತಪ್ಪಿತೆಂದು ಯಾರೂ ಹೇಳಲಿಲ್ಲ.

ನಮ್ಮ ಹಿರಿಯರೂ ಇದನ್ನೇ ಮಾಡುತ್ತಿದ್ದರಲ್ವಾ? ಪ್ಲೇಗ್ ಬಂತೆಂದರೆ ಮನೆ ಬಿಟ್ಟು ಹೊಲಗದ್ದೆಯಲ್ಲಿ ಗುಡಿಸಲು ಹಾಕುತ್ತಿದ್ದರು. ದೇವರಿಗೆ ಹೊರಗಿನಿಂದಲೇ ಕೈ ಮುಗಿಯುತ್ತಿದ್ದರು.

ಕೊನೆಯ ಮಾತು, ಅದೇ ದೊಡ್ಡದು. ಹೊಸ ರೋಗ ಬಂದ ಮೊದಲ ವಾರಗಳಲ್ಲಿ ಅದು ಹೇಗೆ ಹರಡುತ್ತದೆ ಎಂದು ಯಾರಿಗೂ ಸರಿಯಾಗಿ ತಿಳಿದಿರುವುದಿಲ್ಲ. ತಿಳಿಯುವವರೆಗೆ ಕಾದರೆ ತೇರು ಎಳೆದಾಗಿರುತ್ತದೆ.

ವಿರೋಧ: ರೋಗ ಯಾವುದೆಂದು ಮೊದಲು ಕೇಳಿ

ಪ್ಲೇಗ್ ಗುಡಿಸಲಿನಿಂದಲೇ ಶುರುಮಾಡೋಣ. ಊರು ಬಿಟ್ಟವರು ಬದುಕಿದರು, ನಿಜ. ಯಾಕೆ ಬದುಕಿದರು? ಜನಸಂದಣಿ ತಪ್ಪಿದ್ದಕ್ಕಿಂತ ಹೆಚ್ಚಾಗಿ, ಇಲಿ ತಪ್ಪಿದ್ದರಿಂದ. ಇಲಿಯ ಮೈಮೇಲಿನ ಚಿಗಟವೇ ಪ್ಲೇಗ್ ಹರಡುತ್ತದೆ ಎಂದು ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ 1898ರಲ್ಲಿ ಕರಾಚಿಯಲ್ಲಿ ತೋರಿಸಿದ. ಇಲಿ ಸತ್ತುಬಿದ್ದ ಮನೆ ಬಿಟ್ಟು ಹೊರಡುವುದು ಆ ರೋಗಕ್ಕೆ ತಕ್ಕ ಮದ್ದು. ಅದೇ ಮದ್ದು ಕಾಲರಾಕ್ಕೆ ಸಾಲದು. ಗುಡಿಸಲಿನವರೂ ಕೆಟ್ಟ ಬಾವಿಯ ನೀರನ್ನೇ ಕುಡಿದರೆ ಏನು ಬಂತು? ಲಂಡನ್ನಿನಲ್ಲಿ ಜಾನ್ ಸ್ನೋ ಎಂಬ ವೈದ್ಯ 1854ರಲ್ಲಿ ಕಾಲರಾ ಹಬ್ಬಿದಾಗ ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಹಿಡಿ ತೆಗೆಸಿದ, ಬೀದಿ ಮುಚ್ಚಿಸಲಿಲ್ಲ. ಹಜ್‌ನ ಉದಾಹರಣೆ ಕೊಡುವವರು ನೀರಿನ ಈ ಮಾತು ಬಿಟ್ಟುಬಿಡುತ್ತಾರೆ.

ನಮ್ಮದೇ ಉತ್ತರ ಕನ್ನಡ ಜಿಲ್ಲೆಗೆ ಬನ್ನಿ. ಸಿದ್ದಾಪುರ, ಹೊನ್ನಾವರ ಕಡೆಯವರಿಗೆ ಮಂಗನ ಕಾಯಿಲೆ ಏನೆಂದು ಹೇಳಬೇಕಾಗಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ರೋಗ. ಕಾಡಿನಲ್ಲಿ ಮಂಗ ಸಾಯುತ್ತದೆ, ಅದರ ಮೈಮೇಲಿನ ಉಣುಗು ಉದುರುತ್ತದೆ, ಸೊಪ್ಪಿಗೋ ತರಗೆಲೆಗೋ ಹೋದವರಿಗೆ ಕಚ್ಚುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಇದರ ಕಾಲ ಯಾವುದು? ಡಿಸೆಂಬರಿನಿಂದ ಮೇ. ಜಾತ್ರೆ, ತೇರು, ಬಯಲಾಟ ಎಲ್ಲ ಇರುವುದೂ ಆಗಲೇ. ಸಿದ್ದಾಪುರದಲ್ಲಿ ನಾಲ್ಕು ಜನಕ್ಕೆ ಜ್ವರ ಬಂದ ಸುದ್ದಿ ಕೇಳಿ ಶಿರಸಿಯಲ್ಲಿ ಜಾತ್ರೆ ಬೇಡ ಅಂದರೆ ಅದರಿಂದ ಒಂದೇ ಒಂದು ಜೀವವನ್ನೂ ಉಳಿಸಿದಂತಾಗುವುದಿಲ್ಲ. ಆದರೆ ಮೇಲಿನವರಿಗೆ ಏನೋ ಮಾಡಿದೆವು ಎಂಬ ಸಮಾಧಾನ ಸಿಗುತ್ತದೆ. ಉಣುಗು ಕಚ್ಚದಂತೆ ಹಚ್ಚಿಕೊಳ್ಳುವ ಎಣ್ಣೆಯನ್ನು ಕಾಡಂಚಿನ ಮನೆಗಳಿಗೆ ಸರಿಯಾದ ಹೊತ್ತಿಗೆ ಮುಟ್ಟಿಸುವುದು ಕಷ್ಟದ ಕೆಲಸ, ಜಾತ್ರೆ ನಿಲ್ಲಿಸುವುದಕ್ಕೆ ಒಂದು ಆದೇಶ ಸಾಕು. ನನಗೆ ಈ ಸುಲಭದ ದಾರಿಯ ಮೇಲೇ ಅನುಮಾನ.

ಬಲವಂತದ ಚರಿತ್ರೆಯೂ ಚೆನ್ನಾಗಿಲ್ಲ. 1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಮರುವರ್ಷವೇ ಬ್ರಿಟಿಷರು ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದರು. ಪುಣೆಯಲ್ಲಿ ಸಿಪಾಯಿಗಳು ಮನೆಮನೆ ಹೊಕ್ಕು ಶೋಧಿಸಿದರು, ಅಡುಗೆಮನೆ, ದೇವರಮನೆ ಯಾವುದನ್ನೂ ಬಿಡಲಿಲ್ಲ. 1897ರ ಜೂನ್‌ನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ ಚಾಪೇಕರ್ ಸಹೋದರರು ಗುಂಡು ಹಾರಿಸಿದ್ದು ಈ ಸಿಟ್ಟಿನಿಂದಲೇ. 1898ರಲ್ಲಿ ಶ್ರೀರಂಗಪಟ್ಟಣದ ಗಂಜಾಂನಲ್ಲೂ ಗಲಭೆಯಾಯಿತು. ಜನ ರೋಗಿಗಳನ್ನು ಅಟ್ಟದ ಮೇಲೆ ಅಡಗಿಸಿಟ್ಟರು. ಅಡಗಿಸಿಟ್ಟ ರೋಗಿಗೆ ಮದ್ದು ಯಾರು ಕೊಡುತ್ತಾರೆ?

ಈಗ ಇದರ ಎದುರು ಸಿಡುಬಿನ ಕಥೆ ಇಡಿ. 1974ರಲ್ಲಿ ಬಿಹಾರದಲ್ಲಿ ಸಿಡುಬು ಭಯಂಕರವಾಗಿ ಹಬ್ಬಿತ್ತು. ಆಗಿನ ಆರೋಗ್ಯ ಕಾರ್ಯಕರ್ತರು ಮನೆಗಳಿಗೂ ಹೋದರು, ಸಂತೆ, ಜಾತ್ರೆಗಳಿಗೂ ಹೋದರು. ಕೈಯಲ್ಲಿ ಸಿಡುಬೆದ್ದ ಮಗುವಿನ ಚಿತ್ರದ ಕಾರ್ಡು. ‘ಇಂಥದ್ದು ನಿಮ್ಮೂರಲ್ಲಿ ಕಂಡಿದೆಯಾ?’ ಎಂದು ಬಂದವರನ್ನೆಲ್ಲ ಕೇಳಿದರು. ಹೇಳಿದವರಿಗೆ ಬಹುಮಾನ ಇತ್ತು. ಹತ್ತೂರ ಜನ ಒಂದೇ ಕಡೆ ಸಿಗುವುದು ಸಂತೆಯಲ್ಲಿ ತಾನೆ? ಸುದ್ದಿ ಸಿಕ್ಕ ಊರಿಗೆ ಓಡಿ, ಸುತ್ತಲಿನ ಮನೆಗಳಿಗೆಲ್ಲ ಚುಚ್ಚುಮದ್ದು ಹಾಕಿದರು. 1975ರ ಮೇ ತಿಂಗಳಿನದೇ ದೇಶದ ಕೊನೆಯ ಪ್ರಕರಣ. 1980ರಲ್ಲಿ ಸಿಡುಬು ಭೂಮಿಯಿಂದಲೇ ಹೋಯಿತು ಎಂದು ಘೋಷಣೆಯಾಯಿತು. ಮಾರಿಯದೇ ರೋಗ ಎಂದು ಜನ ನಂಬಿದ್ದ ಸಿಡುಬನ್ನು ಓಡಿಸುವುದರಲ್ಲಿ ಜಾತ್ರೆಗಳಿಗೂ ಪಾಲಿದೆ. ಇದನ್ನು ಯಾರೂ ಹೇಳುವುದೇ ಇಲ್ಲ.

ಇನ್ನು ಹೊಟ್ಟೆಪಾಡು. ಜಾತ್ರೆ ನಡೆಯುವ ಬಿಡ್ಕಿಬೈಲಿನ ಸುತ್ತ ಹರಾಜಿನಲ್ಲಿ ಜಾಗ ಹಿಡಿದ ಬಳೆಯಂಗಡಿಯವರು, ತೊಟ್ಟಿಲು ತಂದವರು, ನಾಟಕ ಕಂಪನಿಯವರು ಸಾಲ ಮಾಡಿಯೇ ಬಂದಿರುತ್ತಾರೆ. ಒಂದು ಜಾತ್ರೆ ತಪ್ಪಿದರೆ ಹಿಂದಿನದಕ್ಕೂ ಮುಂದಿನದಕ್ಕೂ ನಾಲ್ಕು ವರ್ಷದ ಅಂತರ. ಮುಂದೂಡಿ ಎನ್ನುವವರು ಈ ಸಾಲದ ಬಡ್ಡಿ ಯಾರು ಕಟ್ಟಬೇಕೆಂದು ಹೇಳುವುದಿಲ್ಲ. ಹಾಗೆ ನೋಡಿದರೆ 2020ರ ಡಿಸೆಂಬರಿನಲ್ಲಿ ರಾಜ್ಯದ ಪಂಚಾಯಿತಿ ಚುನಾವಣೆ ಸುಮ್ನೆ ನಿಂತಿತಾ? ನಡೆದೇ ಹೋಯಿತು.

ಒಂದನ್ನು ಒಪ್ಪುತ್ತೇನೆ. ಉಸಿರಿನಿಂದ ಹರಡುವ ರೋಗವಾದರೆ ಫಿಲಡೆಲ್ಫಿಯಾದ ಉದಾಹರಣೆಗೆ ಎದುರು ಮಾತಿಲ್ಲ. ಆಗಲೂ ‘ಇದೆ’ ಅಥವಾ ‘ಇಲ್ಲ’ ಎಂಬ ಎರಡೇ ದಾರಿಯಲ್ಲ. 2020ರ ಜೂನ್‌ನಲ್ಲಿ ಪುರಿಯ ರಥಯಾತ್ರೆಗೆ ಸುಪ್ರೀಂ ಕೋರ್ಟ್ ಮೊದಲು ತಡೆ ಕೊಟ್ಟಿತು, ಆಮೇಲೆ ಭಕ್ತರ ಜಂಗುಳಿಯಿಲ್ಲದೆ ಎಳೆಯಲು ಬಿಟ್ಟಿತು. ಅದೇ ವರ್ಷ ಮೈಸೂರಿನ ಜಂಬೂಸವಾರಿ ಅರಮನೆಯ ಆವರಣದೊಳಗೇ ಮುಗಿಯಿತು. ಶಿರಸಿಯಲ್ಲೂ ಹೀಗೆ ಮಾಡಬಹುದು: ತೇರಿಗೆ ಕೆಲವೇ ಜನ, ಉಡಿ ತುಂಬುವ ಸರದಿಗೆ ಹೊತ್ತು ಗೊತ್ತುಮಾಡಿ ಚೀಟಿ, ತೊಟ್ಟಿಲು, ನಾಟಕ ಆ ವರ್ಷಕ್ಕೆ ಬೇಡ, ಹರಾಜಿನ ದುಡ್ಡು ವಾಪಸ್. ವಾಂತಿಭೇದಿಯ ಭಯವಿದ್ದರೆ ಅಂಗಡಿಗಳನ್ನೆಲ್ಲ ಬಿಟ್ಟು ಕಬ್ಬಿನಹಾಲು, ಐಸ್, ಕುಡಿಯುವ ನೀರಿನ ಮೇಲೆ ಕಣ್ಣಿಡಿ. ಮಂಗನ ಕಾಯಿಲೆಯಾದರೆ ಜಾತ್ರೆ ಪೂರ್ತಿ ನಡೆಯಲಿ. ದೇವಿಯ ಗದ್ದುಗೆಗೆ ಹೋಗುವ ದಾರಿಯಲ್ಲೇ ಆರೋಗ್ಯ ಇಲಾಖೆಗೆ ಹರಾಜಿಲ್ಲದೆ ಒಂದು ಮಳಿಗೆ ಕೊಡಿ. ಅಲ್ಲಿ ಕೂತವರು ಸಿದ್ದಾಪುರದ ಕಡೆಯಿಂದ ಬಂದವರನ್ನೆಲ್ಲ ಕೇಳಲಿ: ನಿಮ್ಮ ಬೆಟ್ಟದಲ್ಲಿ ಮಂಗ ಸತ್ತಿದೆಯಾ?