ಸತ್ಯಾಂಶ: ಪುಟ್ಟ ವಿಮಾನದ ಖರ್ಚು ಅಂದರೆ ಬರೀ ಇಂಧನವೇ?

"ನಾಲ್ಕು ಸೀಟಿನ ವಿಮಾನ ಗಂಟೆಗೆ ಕುಡಿಯುವುದು 35 ಲೀಟರ್ ಪೆಟ್ರೋಲ್ ಅಷ್ಟೇ, ಕಾರಿಗಿಂತ ಸ್ವಲ್ಪ ಜಾಸ್ತಿ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಅರ್ಧ ನಿಜ.

ಲೀಟರ್ ಲೆಕ್ಕದಲ್ಲಿ ತಪ್ಪಿಲ್ಲ. ನಾಲ್ಕು ಸೀಟಿನ ಸೆಸ್ನಾ 172 ವಿಮಾನ ಗಂಟೆಗೆ ಸುಮಾರು 30ರಿಂದ 35 ಲೀಟರ್ ಸುಟ್ಟು, 220 ಕಿ.ಮೀ. ಆಸುಪಾಸು ಸಾಗುತ್ತದೆ. ಆದರೆ ಅದಕ್ಕೆ ಸಾಮಾನ್ಯವಾಗಿ ತುಂಬಿಸುವುದು ಬಂಕಿನ ಪೆಟ್ರೋಲ್ ಅಲ್ಲ, ವಿಮಾನಕ್ಕೆಂದೇ ತಯಾರಿಸುವ, ಸೀಸ ಬೆರೆತ ಪೆಟ್ರೋಲ್ ಆದ ಏವ್‌ಗ್ಯಾಸ್. ಅದರ ದರವೂ ಹೆಚ್ಚು.

ಸಂದೇಶ ಬರೆದವರು ಎಂಜಿನ್ನನ್ನೇ ಮರೆತಿದ್ದಾರೆ. ಇಂಥ ವಿಮಾನಗಳ ಲೈಕಮಿಂಗ್ ಕಂಪನಿಯ ಎಂಜಿನ್‌ಗಳನ್ನು ಸಾಮಾನ್ಯವಾಗಿ 2000 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಆಗ, ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಿಸಿ ಎನ್ನುತ್ತಾರೆ ತಯಾರಕರು. (ಖಾಸಗಿ ಮಾಲೀಕರಿಗೆ ಹಲವೆಡೆ ಇದು ಕಡ್ಡಾಯವಲ್ಲ.) ಹಾಗಾಗಿ ಹಾರಿದ ಪ್ರತಿ ಗಂಟೆಗೂ ಆ ವೆಚ್ಚದ 2000ದಲ್ಲೊಂದು ಪಾಲನ್ನು ಎತ್ತಿಡುವುದು ರೂಢಿ. ಆದರೆ ವರ್ಷಕ್ಕೆ 50 ಗಂಟೆ ಮಾತ್ರ ಹಾರಿಸಿದರೆ 12 ವರ್ಷಕ್ಕೆ ಆಗುವುದು 600 ಗಂಟೆ. ಆಗ ಎತ್ತಿಡಬೇಕಾದ ಪಾಲು ಮೂರು ಪಟ್ಟು ದಾಟುತ್ತದೆ.

ಹ್ಯಾಂಗರ್ (ವಿಮಾನ ನಿಲ್ಲಿಸುವ ಶೆಡ್) ಬಾಡಿಗೆ, ವಿಮೆ, ವಾರ್ಷಿಕ ತಪಾಸಣೆ ಬೇರೆ. ವಿಮಾನ ನೆಲ ಬಿಡದಿದ್ದರೂ ಈ ಬಿಲ್ಲುಗಳು ಬರುತ್ತಲೇ ಇರುತ್ತವೆ. ವರ್ಷಕ್ಕೆ 200 ಗಂಟೆ ಹಾರುವವರಿಗೆ ಹೋಲಿಸಿದರೆ, 50 ಗಂಟೆ ಹಾರುವವರಿಗೆ ಇವುಗಳ ಹೊರೆ ಗಂಟೆಗೆ ನಾಲ್ಕು ಪಟ್ಟು. ವರ್ಷದ ಗಂಟೆಗಳನ್ನು ಹೇಳದೆ ಕೊಟ್ಟ ಯಾವ ಗಂಟೆ ದರಕ್ಕೂ ಅರ್ಥವಿಲ್ಲ. ನಾಲ್ಕೈದು ಜನ ಸೇರಿ ಒಂದೇ ವಿಮಾನ ಕೊಳ್ಳುವುದೂ ಈ ಹೊರೆ ಹಂಚಿಕೊಳ್ಳಲೆಂದೇ.